ಮುನಿಯಲ್ಲಪ್ಪ ಒಯ್ದ ಮಾತು

ಮುನಿಯಲ್ಲಪ್ಪನ ಹತ್ತಿರ ಒಂದು ಮಾತು ಹೇಳಿ ಕಳಿಸಿದರೆ ಅದು ಒಂದಕ್ಷರ ಕಡಿಮೆಯಾಗದೆ, ಒಂದಕ್ಷರ ಹೆಚ್ಚಾಗದೆ ಹೋಗಬೇಕಾದ ಕಿವಿಗೆ ಹೋಗಿ ಸೇರುತ್ತದೆ ಅಂತ ಶ್ರೀನಿವಾಸಪುರದಲ್ಲೆಲ್ಲ ಹೆಸರಾಗಿತ್ತು. ಹೆಸರೇನೋ ಆಗಿತ್ತು, ಸರಿ. ಆದರೆ ಹೆಂಡದಿಂದ ಕೆಟ್ಟವರಿಗಿಂತ ಹೆಸರಿನಿಂದ ಕೆಟ್ಟವರೇ ಈ ಸೀಮೆಯಲ್ಲಿ ಹೆಚ್ಚು. ಅದನ್ನು ಅವನಿಗೆ ಯಾರು ಹೇಳಬೇಕಿತ್ತು?

ಅವನು ಗೌನಿಪಲ್ಲಿಯವನು. ಅಪ್ಪ ತೋಪುಗಳ ಕಾವಲಿಗಿದ್ದ. ಮುನಿಯಲ್ಲಪ್ಪ ಮೂರನೇ ಕ್ಲಾಸಿಗೇ ಸ್ಲೇಟು ಬಿಸಾಕಿ ಶ್ರೀನಿವಾಸಪುರದ ಮಾವಿನ ಮಂಡಿ ಸೇರಿದ. ಮಂಡಿಯಿಂದ ತೋಪಿಗೆ, ತೋಪಿನಿಂದ ಮಂಡಿಗೆ ಸುದ್ದಿ ಮುಟ್ಟಿಸೋದು ಕೆಲಸ. 'ನಾಳೆ ಗಾಡಿ ಕಳಿಸ್ತೀವಿ, ಬಾದಾಮಿ ಕೀಳಿ, ರಸಪುರಿ ಇನ್ನೆರಡು ದಿನ ಬಿಡಿ' ಅಂತ ಸಾಹುಕಾರರು ಹೇಳಿದ್ದನ್ನು, ಅವರು ನಡುವೆ ಕೆಮ್ಮಿದ್ದರೆ ಆ ಕೆಮ್ಮನ್ನೂ ಸೇರಿಸಿ ಒಪ್ಪಿಸಿ ಬರುತ್ತಿದ್ದ. ಮನೆಯಲ್ಲಿ ತೆಲುಗು, ಪೇಟೆಯಲ್ಲಿ ಕನ್ನಡ, ಮಂಡಿಯ ಸಾಬರ ಹತ್ತಿರ ಉರ್ದು. ಮೂರೂ ನಾಲಿಗೆಯ ಮೇಲೆ ನೀರಾಡಿದ ಹಾಗೆ ಆಡುತ್ತಿದ್ದವು. ಮಂಡಿಯವರು 'ಗಿಣಿ' ಅಂತ ಕರೆದರು. ಅವನು ಹೊಗಳಿಕೆ ಅಂದುಕೊಂಡ. ಗಿಣಿಗೆ ಮಾತು ಬರುತ್ತದೆ, ಅರ್ಥವೂ ಬರುತ್ತದಾ ಅಂತ ಯಾರೂ ಕೇಳಲಿಲ್ಲ.

ಸಾವಿರದ ಒಂಬೈನೂರ ಮೂವತ್ತನಾಲ್ಕರಲ್ಲಿ ಊರಿನ ದೊಡ್ಡ ಮನುಷ್ಯರು ಕೆಲವರು ಕಮಿಟಿ ಮಾಡಿಕೊಂಡು ಒಂದು ಪ್ರೈವೇಟ್ ಹೈಸ್ಕೂಲು ತೆಗೆದರು. ಕಟ್ಟಡ ಅಂದರೆ ಏನು ಮಹಾ, ಹಳೇ ಮಾವಿನ ಗೋಡೌನು. ಬೇಸಿಗೆಯಲ್ಲಿ ಹಿಂದಿನ ಎರಡು ಕೋಣೆ ಮಂಡಿಗೇ ವಾಪಸ್ಸು. ಜೂನ್‌ನಲ್ಲಿ ಸ್ಕೂಲು ಬಾಗಿಲು ತೆಗೆದರೆ ಬೆಂಚಿನಡಿ ಹುಲ್ಲು, ಮೂಲೆಯಲ್ಲಿ ಕೊಳೆತ ಹಣ್ಣು, ಕ್ಲಾಸಿನ ತುಂಬ ನೊಣ. ಮೈಸೂರಿನಿಂದ ಬಂದ ಹೆಡ್‌ಮೇಷ್ಟ್ರು ಸುಬ್ಬರಾಯಪ್ಪನವರು ಮೊದಲ ತಿಂಗಳೆಲ್ಲ ಅಂಗವಸ್ತ್ರ ಮೂಗಿಗೆ ಒತ್ತಿಕೊಂಡೇ ಇಂಗ್ಲಿಷ್ ಪಾಠ ಮಾಡಿದರು. ಅವರಿಗೆ ಒಬ್ಬ ಜವಾನ ಬೇಕಾಗಿತ್ತು. ಮಂಡಿಯವರು ಗಿಣಿಯನ್ನು ತಂದು ಮುಂದೆ ನಿಲ್ಲಿಸಿದರು.

ಹುಣಸೇಮರಕ್ಕೆ ಕಟ್ಟಿದ್ದ ರೈಲು ಕಂಬಿಯ ತುಂಡನ್ನು ಬಾರಿಸೋದು, ಮಡಕೆಗೆ ನೀರು ತುಂಬೋದು, ಸೀಮೆಸುಣ್ಣ ಹಂಚೋದು, ಎಲ್ಲಾ ಮಾಡುತ್ತಿದ್ದ. ಆದರೆ ಅವನಿಗೆ ಎದೆಯುಬ್ಬುತ್ತಿದ್ದದ್ದು ನೋಟೀಸು ಬುಕ್ಕು ಹಿಡಿದು ಕ್ಲಾಸಿಂದ ಕ್ಲಾಸಿಗೆ ಹೋಗುವಾಗ. ಮೇಷ್ಟ್ರು ಓದೋದಕ್ಕೆ ಮುಂಚೆ ತಾನೇ ಬಾಗಿಲಲ್ಲಿ ನಿಂತು ಒಪ್ಪಿಸಿಬಿಡುತ್ತಿದ್ದ. ಹುಡುಗರೆಲ್ಲ ಸುತ್ತಿನ ಹಳ್ಳಿಯವರು. ಸೋಮವಾರ ಬೆಳಿಗ್ಗೆ ಹೆಗಲ ಮೇಲೆ ರಾಗಿಹಿಟ್ಟಿನ ಗಂಟು ಹೊತ್ತು ಬರೋರು. ನಾಲ್ಕು ಜನಕ್ಕೆ ಒಂದು ಬಾಡಿಗೆ ಕೋಣೆ, ಸರದಿ ಮೇಲೆ ಮುದ್ದೆ ತೊಳಸೋದು. ಸರದಿಯವನು ಓದುತ್ತಾ ಕೂತು ಮುದ್ದೆ ಸೀದರೆ ಆವತ್ತು ನಾಲ್ವರೂ ಉಪವಾಸ, ಕ್ಲಾಸಿನಲ್ಲಿ ನಾಲ್ವರಿಗೂ ತೂಕಡಿಕೆ, ನಾಲ್ವರಿಗೂ ಬೆತ್ತ. ವಿದ್ಯೆ ಅನ್ನೋದು ಆಗ ಹಾಗೇ ಬರುತ್ತಿತ್ತು.

ಮುನಿಯಲ್ಲಪ್ಪನಿಗೆ ಮಕ್ಕಳಿರಲಿಲ್ಲ. ಹೆಂಡತಿ ಮುತ್ಯಾಲಮ್ಮ ಹರಕೆ ಹೊತ್ತು ಹೊತ್ತು ಸುಸ್ತಾಗಿದ್ದಳು. ಅಂಥಾ ಮನೆಗೆ ಮೂವತ್ತೇಳನೇ ಇಸವಿಯಲ್ಲಿ ಒಂದು ಹುಡುಗಿ ಬಂದಳು. ಗೌನಿಪಲ್ಲಿಯ ಚಿಕ್ಕಗಂಗಮ್ಮನ ಮಗಳು ರಾಮಲಕ್ಷ್ಮಮ್ಮ. ಹದಿನಾಲ್ಕು ತುಂಬಿತ್ತು. ಚಿಕ್ಕಗಂಗಮ್ಮನಿಗೆ ಗಂಡ ಹೋಗಿ ಎರಡು ವರ್ಷವಾಗಿತ್ತು. ಅವನು ಕೋಲಾರದ ಆಸ್ಪತ್ರೆಯಲ್ಲಿ ಮೂರು ತಿಂಗಳು ಮಲಗಿದ್ದಾಗ ಈ ಹುಡುಗಿ ಪಕ್ಕದಲ್ಲೇ ಕೂತು ಯಾವ ಸೀಸೆಯಲ್ಲಿ ಏನಿದೆ, ಇದು ಯಾಕೆ ಕಹಿ, ಅದು ಯಾಕೆ ನೊರೆ ಬರುತ್ತೆ ಅಂತ ಕೇಳಿ ಕೇಳಿ ಅಲ್ಲಿನ ದೊಡ್ಡ ಡಾಕ್ಟ್ರಮ್ಮನ ಪ್ರಾಣ ತಿಂದಿದ್ದಳು. ಆಯಮ್ಮ ನಕ್ಕು, "ಕೆಮಿಸ್ಟ್ರಿ ತಗೊಂಡು ಪಾಸು ಮಾಡ್ಕೊಂಡು ಬಾ. ಔಷಧಿ ಕೊಡೋ ಕೆಲಸ ಕಲಿಸಿ ಇಲ್ಲೇ ಇಟ್ಕೋತೀನಿ" ಅಂದಿದ್ದಳು.

ನಕ್ಕುಕೊಂಡು ಹೇಳಿದ ಮಾತು. ಹುಡುಗಿ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ಮನೆಯಲ್ಲಿ ಯಜಮಾನಿಕೆ ಸೋದರಮಾವ ಅಶ್ವತ್ಥಪ್ಪನದು. ಮೂವತ್ತೆರಡರ ಗಂಡಸು, ಮೊದಲ ಹೆಂಡತಿ ಸತ್ತಿದ್ದಳು, ಅಕ್ಕನ ಮಗಳ ಮೇಲೆ ಹಕ್ಕು ತನ್ನದು ಅಂತ ಊರಿಗೆಲ್ಲ ಹೇಳಿಕೊಂಡಿದ್ದ. ಹುಡುಗಿ ಮೂರು ದಿನ ಅನ್ನ ಬಿಟ್ಟ ಮೇಲೆ ಒಂದು ಒಪ್ಪಂದಕ್ಕೆ ಬಂದ. "ಆ ಔಷಧಿ ಕ್ಲಾಸು ಸಿಕ್ರೆ ಓದ್ಕೊಳ್ಳಲಿ. ಸಿಗಲಿಲ್ವೋ, ಮಾಘದಲ್ಲಿ ತಾಳಿ." ಚಿಕ್ಕಗಂಗಮ್ಮ ಮಗಳನ್ನು ಕರೆತಂದು ಮುನಿಯಲ್ಲಪ್ಪನ ಮನೆ ಬಾಗಿಲಲ್ಲಿ ಬಿಟ್ಟು, "ಮುನಿಯಲ್ಲಣ್ಣ, ನಮ್ಮೂರೋನು ಅಂತ ನಿನ್ನ ನಂಬಿ ಬಿಟ್ಟು ಹೋಗ್ತಿದೀನಿ" ಅಂತ ಅತ್ತು ಹೋದಳು. ಹುಡುಗಿ ಅವನನ್ನು ದೊಡ್ಡಪ್ಪ ಅಂದಳು, ಮುತ್ಯಾಲಮ್ಮನನ್ನು ದೊಡ್ಡಮ್ಮ ಅಂದಳು. ಒಂದು ವಾರಕ್ಕೆ ಮುತ್ಯಾಲಮ್ಮ ಅವಳ ಜಡೆ ಹೆಣೆಯದೆ ಒಲೆ ಹಚ್ಚುತ್ತಿರಲಿಲ್ಲ.

ನಾಲ್ಕನೇ ಫಾರಂನಲ್ಲಿ, ಅಂದರೆ ಹೈಸ್ಕೂಲಿನ ಮೊದಲನೇ ಕ್ಲಾಸಿನಲ್ಲಿ, ಇಪ್ಪತ್ತಮೂರು ಹುಡುಗರು, ಇವಳೊಬ್ಬಳು ಹುಡುಗಿ. ಬಾಗಿಲ ಪಕ್ಕ ಬೇರೆ ಬೆಂಚು. ಬರುತ್ತೆ ಬರುತ್ತೆ ಅಂತಿದ್ದ ಕೆಮಿಸ್ಟ್ರಿ ಕ್ಲಾಸಿನ ಪರ್ಮಿಷನ್ ಆ ವರ್ಷ ದಸರಾ ಹೊತ್ತಿಗೆ ಸ್ಕೂಲಿಗೆ ಬಂತು. ಅಲ್ಲೀವರೆಗೆ ಆಪ್ಷನಲ್ಲು ಅಂದರೆ ಎರಡೇ, ಇತಿಹಾಸ ಮತ್ತು ಮರಗೆಲಸ. ಇತಿಹಾಸದ ಮೇಷ್ಟ್ರು ತಾರೀಖು ಬರೆಸುತ್ತಾ ನಿದ್ದೆ ಮಾಡೋರು. ಮರಗೆಲಸ ಕಲಿಸೋನು ಪೀರ್ ಸಾಬ್, ಊರಿನ ಬಡಗಿ. ಅವನ ಕ್ಲಾಸಿನಲ್ಲಿ ಮಾತ್ರ ಯಾರೂ ತೂಕಡಿಸುತ್ತಿರಲಿಲ್ಲ. ಉಳಿ ಕೈಯಲ್ಲಿರುವಾಗ ತೂಕಡಿಸಿದರೆ ಬೆರಳು ಉಳಿಯುತ್ತಾ? ಈಗ ಮೂರನೆಯದು ಬಂತು, ಅದಕ್ಕೆ ಸಾಮಾನು ಇದ್ದದ್ದು ಹತ್ತು ಜನಕ್ಕೆ. ಹೆಡ್‌ಮೇಷ್ಟ್ರು ಹೇಳಿದರು: "ಒಂದು ತಿಂಗಳು ಎಲ್ಲರೂ ಮೂರು ಕ್ಲಾಸಿನಲ್ಲೂ ಕೂತು ನೋಡಿ. ಆಮೇಲೆ ಆರಿಸಿಕೊಳ್ಳಿ. ಆರಿಸಿಕೊಂಡ ಕ್ಲಾಸಿನ ಅರ್ಜಿ ಫಾರಮ್ಮಿಗೆ ಮನೆಯ ಹಿರಿಯರು ಒಪ್ಪಿಗೆಯ ಹೆಬ್ಬೆಟ್ಟು ಒತ್ತಬೇಕು."

ಆ ಒಂದು ತಿಂಗಳು ಹುಡುಗರಿಗೆ ಜಾತ್ರೆಯಾಯಿತು. ಗಂಧಕ ಸುಟ್ಟ ನಾತಕ್ಕೆ ಮಂಡಿಯವರು ಓಡಿ ಬಂದರು. ರಾಮಲಕ್ಷ್ಮಮ್ಮ ಮಾತ್ರ ನಗಲೂ ಇಲ್ಲ, ಕೆಮ್ಮಲೂ ಇಲ್ಲ. ಬಿ.ಎಸ್ಸಿ. ಓದಿ ಬಂದಿದ್ದ ಎಳೇ ಮೇಷ್ಟ್ರು ಹೇಳಿದ್ದನ್ನು ನೋಡುತ್ತಾ ನಿಂತಳು. ಒಂದು ಸಂಜೆ ನೀಲಿ ಕಾಗದದ ಚೂರೊಂದನ್ನು ಮನೆಗೆ ತಂದು ಮುತ್ಯಾಲಮ್ಮನ ಹುಣಸೆಹಣ್ಣಿನ ನೀರಿಗೆ ಅದ್ದಿದಳು. ಕೆಂಪಾಯಿತು. ಮುತ್ಯಾಲಮ್ಮ "ಅಯ್ಯಯ್ಯೋ, ಸಾರಿಗೆ ಏನೋ ಬಿದ್ದೈತೆ!" ಅಂತ ಇಡೀ ಮಡಕೆ ಚೆಲ್ಲಲು ಹೋದಳು. ಹುಳಿ ಇದ್ದರೆ ಹೀಗೇ ಆಗೋದು ದೊಡ್ಡಮ್ಮ ಅಂತ ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮುನಿಯಲ್ಲಪ್ಪ ಮಾರನೇ ದಿನ ಆ ಕಥೆಯನ್ನು ಮೇಷ್ಟ್ರ ಕೋಣೆಯಲ್ಲಿ ಮೂರು ಸಲ ಒಪ್ಪಿಸಿದ. ಹೆಡ್‌ಮೇಷ್ಟ್ರು ಕೇಳಿ, ಪಟ್ಟಿಯಲ್ಲಿ ಹತ್ತನೇ ಹೆಸರಾಗಿ ರಾಮಲಕ್ಷ್ಮಮ್ಮ ಅಂತ ಪೆನ್ಸಿಲ್ಲಿನಲ್ಲಿ ಬರೆದರು. ಫಾರಂ ಬಂದ ಮೇಲೆ ಮಸಿಯಲ್ಲಿ ತಿದ್ದೋಣ ಅಂದರು.

ಅಷ್ಟರಲ್ಲಿ ಇಲಿ ಬಿತ್ತು. ಇಲಿ ಬಿತ್ತು ಅಂದರೆ ಆಗಿನವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಕಾರ್ತಿಕದಲ್ಲಿ ಗೋಡೌನಿನ ಜಂತೆಯಿಂದ ಸತ್ತ ಇಲಿ ಒಂದಾದ ಮೇಲೊಂದು ಉದುರಿದವು, ಮೂರನೇ ದಿನ ಪೇಟೆಯಲ್ಲಿ ಇಬ್ಬರಿಗೆ ಕಂಕುಳಲ್ಲಿ ಗೆಡ್ಡೆ ಕಾಣಿಸಿತು. ಪ್ಲೇಗು. ಊರು ಖಾಲಿಯಾಗಿ ತೋಪುಗಳಲ್ಲಿ ಗುಡಿಸಲು ಎದ್ದವು. ಸ್ಕೂಲಿಗೆ ಬೀಗ ಬಿತ್ತು. ಹುಡುಗರು ಊರುಗಳಿಗೆ ಹೋದರು. ರಾಮಲಕ್ಷ್ಮಮ್ಮನನ್ನು ಅವರಮ್ಮ ಬಂದು ಕರೆದುಕೊಂಡು ಹೋದಳು. ಫಾರಂ ಹುಡುಗಿಯ ಪುಸ್ತಕದೊಳಗೇ ಇತ್ತು.

ನವೆಂಬರ್ ಕೊನೆಯಲ್ಲಿ ಹೆಡ್‌ಮೇಷ್ಟ್ರು ತಮ್ಮ ಗುಡಿಸಲಿಗೆ ಮುನಿಯಲ್ಲಪ್ಪನನ್ನು ಕರೆಸಿದರು. "ನಿಮ್ಮ ಊರಿಗೆ ಹೋಗುತ್ತೀಯಲ್ಲ, ಆ ಹುಡುಗಿಯ ಮನೆಯವರಿಗೆ ಹೇಳು. ಫಾರಮ್ಮಿಗೆ ಏನೂ ಅವಸರವಿಲ್ಲ, ಪ್ಲೇಗು ಕಳೆಯಲಿ. ಡಿಸೆಂಬರ್ ಹದಿನೈದರೊಳಗೆ ಬಂದರಾಯಿತು. ಸ್ಥಳ ಇಟ್ಟಿರುತ್ತೇನೆ."

ನಾಲ್ಕು ತುಣುಕಿನ ಮಾತು. ಮಂಡಿಯ ಕಾಲದಲ್ಲಿ ಅವನು ಇದರ ಹತ್ತರಷ್ಟು ಒಯ್ದಿದ್ದವನು. ಹದಿನೈದು ಮೈಲಿ ನಡೆದು ಗೌನಿಪಲ್ಲಿ ಸೇರಿದಾಗ ಮಟಮಟ ಮಧ್ಯಾಹ್ನ. ಹುಡುಗಿ ದೂರದ ಬಾವಿಗೆ ನೀರಿಗೆ ಹೋಗಿದ್ದಳು. ಚಿಕ್ಕಗಂಗಮ್ಮ ಒಲೆ ಮುಂದೆ ಇದ್ದಳು, ಅಶ್ವತ್ಥಪ್ಪ ಜಗಲಿಯಲ್ಲಿ ಹಗ್ಗ ಹೊಸೆಯುತ್ತಿದ್ದ. ಪ್ಲೇಗಿನ ಊರಿನಿಂದ ಬಂದವನು ಅಂತ ಅವನನ್ನು ಅಂಗಳದಲ್ಲೇ ನಿಲ್ಲಿಸಿ ಅಶ್ವತ್ಥಪ್ಪ ತೆಲುಗಿನಲ್ಲಿ ಕೇಳಿದ, ದೊಡ್ಡ ಅಯ್ಯವಾರು ಏನಂತಾರೆ ಅಂತ. ಆ ಊರಿನಲ್ಲಿ ಮೇಷ್ಟ್ರನ್ನು ಅಯ್ಯವಾರು ಅನ್ನೋದು. ಮುನಿಯಲ್ಲಪ್ಪ ಕೈಕಟ್ಟಿ ನಿಂತು, ಕನ್ನಡದ ಮಾತನ್ನು ನಡೆದುಕೊಂಡು ಬಂದ ಬಿಸಿಯಲ್ಲೇ ತೆಲುಗಿಗೆ ಎತ್ತಿ ಹಾಕಿದ:

"ಆ ಫಾರಂಕಿ ಏಮೀ ಅವಸರಂ ಲೇದಂಟ. ಪ್ಲೇಗು ಪೋನೀ ಅಂಟ."

ಅಯ್ಯೋ ನಿನ್ನ ನಾಲಿಗೆ ಸೇದಿಹೋಗ! ಕನ್ನಡದ ಅವಸರ ಅಂದರೆ ಆತುರ. ತೆಲುಗಿನ ಅವಸರಂ ಅಂದರೆ ಅಗತ್ಯ. ಮಾತು ಒಂದೇ, ಅರ್ಥ ಎರಡು ಕಡೆಗೆ ಮುಖ ಮಾಡಿಕೊಂಡು ನಿಂತಿರುತ್ತೆ. ಆತುರವಿಲ್ಲ, ನಿಧಾನಕ್ಕೆ ಕೊಡಿ ಅಂತ ಹೊರಟ ಮಾತು, ಆ ಫಾರಂ ಬೇಕಾಗಿಲ್ಲವಂತೆ ಅಂತ ಹೋಗಿ ಮುಟ್ಟಿತು. ಎರಡು ಭಾಷೆಯನ್ನೂ ಚಿಕ್ಕಂದಿನಿಂದ ಆಡಿದವರೇ ಇಲ್ಲಿ ಎಡವೋದು. ಬರೀ ಕನ್ನಡದವನಾಗಿದ್ದರೆ ತಡವರಿಸಿ ಬೇರೆ ಮಾತು ಹುಡುಕುತ್ತಿದ್ದ. ಇವನಿಗೆ ಹುಡುಕೋ ಗರಜೇ ಬೀಳಲಿಲ್ಲ, ಮಾತು ತಾನಾಗಿ ಜಾರಿ ಬಂತು.

ಇನ್ನೂ ಎರಡು ತುಣುಕು ಉಳಿದಿದ್ದವು, ಹದಿನೈದನೇ ತಾರೀಖು ಮತ್ತು ಸ್ಥಳ ಇಟ್ಟಿರುವ ಸಂಗತಿ. ಅವನ್ನಾದರೂ ಹೇಳಿದ್ದರೆ ಮೊದಲನೆಯದು ತಿದ್ದಿಹೋಗುತ್ತಿತ್ತು. ಆದರೆ ಅಶ್ವತ್ಥಪ್ಪ ತೊಡೆ ತಟ್ಟಿ ಎದ್ದೇಬಿಟ್ಟ. "ಅಂತೇ ಗದಾ, ಅಷ್ಟೇ ತಾನೇ! ನಾನು ಹೇಳಿರಲಿಲ್ವಾ ಅಕ್ಕಾ, ಹೆಣ್ಣುಮಕ್ಕಳನ್ನ ಅಲ್ಲಿ ಯಾರು ಕೇಳ್ತಾರೆ! ಮುನಿಯಲ್ಲಣ್ಣ, ಕೈ ತೊಳ್ಕೋ, ಊಟ ಮಾಡು." ಚಿಕ್ಕಗಂಗಮ್ಮ ಅಂಗಳದಲ್ಲೇ ಎಲೆ ಹಾಕಿದಳು. ಹದಿನೈದು ಮೈಲಿ ನಡೆದ ಹೊಟ್ಟೆ. ಬಿಸಿ ಮುದ್ದೆ, ಅವರೆಕಾಳಿನ ಹುಳಿ. ಅವನು ಹುಟ್ಟಿದ ಮೇಲೆ ಮೊದಲನೇ ಸಲ ಅರ್ಧ ಮಾತು ಮರೆತು ಹೊಟ್ಟೆಯಲ್ಲೇ ಉಳಿಸಿಕೊಂಡು ಎದ್ದು ಹೋದ.

ಡಿಸೆಂಬರ್ ಹದಿನೈದು ಬಂತು. ಫಾರಂ ಬರಲಿಲ್ಲ. ಹೆಡ್‌ಮೇಷ್ಟ್ರು ಕೇಳಿದರು, "ನೀನು ಹೇಳಿದೆಯೇನೋ?"

"ಹೇಳ್ದೆ ಸ್ವಾಮಿ. ತಾವು ಅಂದಂಗೇ ಹೇಳ್ದೆ."

ಅವನಿಗೆ ಆಗ ಅದು ಸುಳ್ಳು ಅಂತ ಗೊತ್ತಿರಲಿಲ್ಲ. ಹೆಡ್‌ಮೇಷ್ಟ್ರು ನಿಟ್ಟುಸಿರು ಬಿಟ್ಟರು. "ಬೇಡವೇನೋ ಹಾಗಾದರೆ. ಸದ್ಯಕ್ಕೆ ಒಂಬತ್ತು ಹೆಸರು ಬೆಂಗಳೂರಿನ ಇಲಾಖೆಗೆ ಕಳಿಸುತ್ತೇನೆ. ಜನವರಿ ಕೊನೆಯವರೆಗೆ ಇನ್ನೊಂದು ಸೇರಿಸಲು ಅವಕಾಶವಿದೆ. ನೋಡೋಣ, ಬಂದರೂ ಬಂದಾಳು." ಮನೆಯಲ್ಲಿ ಮುತ್ಯಾಲಮ್ಮ ದಿನಾ ಕೇಳುತ್ತಿದ್ದಳು, ಮಗು ಯಾವಾಗ ಬರುತ್ತೆ ಅಂತ. ಪ್ಲೇಗು ಕಳೀಲಿ ಕಣೇ, ಬರ್ತಾಳೆ ಅನ್ನುತ್ತಿದ್ದ.

ಪ್ಲೇಗು ಕಳೆಯಿತು. ಜನವರಿಯಲ್ಲಿ ಸ್ಕೂಲಿಗೆ ಸುಣ್ಣ ಹೊಡೆದು ಬಾಗಿಲು ತೆಗೆದರು. ಇಪ್ಪತ್ತಮೂರು ಹುಡುಗರಲ್ಲಿ ಇಬ್ಬರು ವಾಪಸ್ಸು ಬರಲಿಲ್ಲ, ಬರುವಂತಿರಲಿಲ್ಲ. ಸಂಕ್ರಾಂತಿಗೆ ಮುನಿಯಲ್ಲಪ್ಪ ಊರಿಗೆ ಹೋದ. ಹಬ್ಬದ ದಿನ ಬೆಳಿಗ್ಗೆ ಅಶ್ವತ್ಥಪ್ಪ ಹೊಸ ಪಂಚೆ ಉಟ್ಟು ಎಳ್ಳುಬೆಲ್ಲದ ಜೊತೆ ವೀಳ್ಯ ಅಡಿಕೆ ಹಿಡಿದು ಅವನ ಮನೆಗೇ ಬಂದ. "ಮಾಘ ಶುದ್ಧ ಪಂಚಮಿಗೆ ಲಗ್ನ, ಮುನಿಯಲ್ಲಣ್ಣ. ನೀನು ಬರಲೇಬೇಕು. ನಿನ್ನ ಬಾಯಿಂದಾನೇ ತಾನೇ ಈ ಮದುವೆ ಕುದುರಿದ್ದು!"

"ನನ್ನ ಬಾಯಿಂದ ಹೆಂಗಪ್ಪಾ?"

"ಅದೇ, ಸ್ಕೂಲಿನೋರಿಗೆ ಅವಸರಂ ಲೇದಂತ ನೀನು ಬಂದು ಹೇಳಲಿಲ್ವಾ! ಹುಡುಗಿ ಎರಡು ದಿನ ಅತ್ತಳು. ಆಮೇಲೆ ಫಾರಮ್ಮನ್ನ ತಾನೇ ಒಲೆಗೆ ಹಾಕಿದಳು."

ಮುನಿಯಲ್ಲಪ್ಪನಿಗೆ ಆಗ ಮಾತು ಅರ್ಥವಾಯಿತು. ಹೆಡ್‌ಮೇಷ್ಟ್ರು ಹೇಳಿದ್ದು, ತಾನು ಹೇಳಿದ್ದು, ಇವರು ಕೇಳಿದ್ದು, ಮೂರೂ ಒಟ್ಟಿಗೆ ಕಿವಿಯಲ್ಲಿ ಗುಂಯ್ ಅಂದವು. ಅಲ್ಲಲ್ಲ, ಹಂಗಲ್ಲ ಅಂತ ಬಾಯಿ ತೆಗೆದ. ಅಷ್ಟರಲ್ಲಿ ಅಶ್ವತ್ಥಪ್ಪ ಪಕ್ಕದ ಮನೆಗೆ ವೀಳ್ಯ ಕೊಡಲು ಹೋಗಿಯಾಗಿತ್ತು. ಕೂಗಿ ಕರೆಯಬಹುದಿತ್ತು. ಕರೆಯಲಿಲ್ಲ. ಮೊದಲು ಹೆಡ್‌ಮೇಷ್ಟ್ರ ಹತ್ತಿರ ಹೋಗ್ತೀನಿ, ಹೆಸರು ಸೇರಿಸಿಕೊಂಡು ಬಂದು ಆಮೇಲೆ ಇಲ್ಲಿ ಹೇಳ್ತೀನಿ ಅಂತ ತನಗೆ ತಾನೇ ಹೇಳಿಕೊಂಡ. ಇನ್ನೂ ಎರಡು ವಾರಕ್ಕೆ ಮೇಲೆ ಟೈಮಿತ್ತು. ಹೇಡಿಗೆ ಟೈಮು ಕೊಡಬಾರದು.

ಶ್ರೀನಿವಾಸಪುರಕ್ಕೆ ವಾಪಸ್ಸು ಬಂದು ಹೆಡ್‌ಮೇಷ್ಟ್ರ ಕೋಣೆಯ ಬಾಗಿಲಲ್ಲಿ ನಿಂತ. ಒಳಗೆ ಕಮಿಟಿಯವರು ಕೂತಿದ್ದರು. ಹೆಡ್‌ಮೇಷ್ಟ್ರು ಅವನನ್ನೇ ತೋರಿಸಿ ಹೇಳುತ್ತಿದ್ದರು: "ಪ್ಲೇಗಿನ ಕಾಲದಲ್ಲಿ ಒಂದೊಂದು ಹಳ್ಳಿಗೂ ನಡೆದು ಹೋಗಿ ನನ್ನ ಮಾತು ಮುಟ್ಟಿಸಿದ್ದಾನೆ. ಒಂದೂ ತಪ್ಪಿಲ್ಲ. ಇಂಥವನನ್ನು ಖಾಯಂ ಮಾಡದೆ ಇನ್ಯಾರನ್ನು ಮಾಡುತ್ತೀರಿ?" ಕಮಿಟಿಯವರು ತಲೆದೂಗಿದರು. ಅದನ್ನು ಕೇಳಿ ಅವನು ಹೊಸಿಲಿಂದಲೇ ವಾಪಸ್ಸು ತಿರುಗಿದ. ನಲವತ್ತು ವರ್ಷದ ಬಾಳಿನಲ್ಲಿ ಅವನಿಗೆ ಅಂತ ಇದ್ದದ್ದು ಆ ಒಂದು ಹೆಸರು. ಓದಿಲ್ಲ, ಹೊಲವಿಲ್ಲ, ಮಗುವಿಲ್ಲ.

ಮಾರನೇ ದಿನ ಮತ್ತೆ ಹೋದ. "ಏನೋ?" ಅಂದರು ಹೆಡ್‌ಮೇಷ್ಟ್ರು.

"ಸೀಮೆಸುಣ್ಣ ಮುಗಿದೈತೆ ಸ್ವಾಮಿ."

ಎರಡು ದಿನ ಬಿಟ್ಟು ಮತ್ತೆ ಹೋದ. "ಏನೋ?"

"ಏನಿಲ್ಲ ಸ್ವಾಮಿ."

ಮರಗೆಲಸದ ಕೋಣೆಯ ಮುಂದೆ ಪೀರ್ ಸಾಬ್ ಅವನನ್ನು ತಡೆದು, "ಅರೆ ಮುನಿಯಲ್ಲಪ್ಪ, ಆ ಬೇಟಿ ಎಲ್ಲಿ? ಒಳ್ಳೇ ಹುಡುಗಿ, ಯಾಕೆ ಬರಲಿಲ್ಲ?" ಅಂದ. "ಮನೆಯೋರು ಬೇಡ ಅಂದ್ರಂತೆ" ಅಂದ ಮುನಿಯಲ್ಲಪ್ಪ. ಇದು ಗೊತ್ತಿದ್ದೂ ಹೇಳಿದ ಮೊದಲ ಸುಳ್ಳು. ಹೇಳಿದ ಮೇಲೆ ಅದು ಎಷ್ಟು ಸಲೀಸು ಅಂತ ತಿಳಿಯಿತು. ಮುತ್ಯಾಲಮ್ಮನಿಗೂ ಅದನ್ನೇ ಹೇಳಿದ. ಜನವರಿ ಮೂವತ್ತೊಂದಕ್ಕೆ ಸಂಜೆ ಗಂಟೆ ಅವನೇ ಬಾರಿಸಿದ. ಬೆಂಗಳೂರಿಗೆ ಯಾವ ಕಾಗದವೂ ಹೋಗಲಿಲ್ಲ.

ಮುತ್ಯಾಲಮ್ಮ ಮದುವೆಗೆ ಬರಲಿಲ್ಲ. "ಆ ಚಿಕ್ಕಗಂಗಮ್ಮನ ವಂಶ ನಿರ್ವಂಶ ಆಗ. ಕೂಸನ್ನ ಕತ್ತು ಹಿಸುಕಿದ್ರು" ಅಂತ ಅಂಗಳದಲ್ಲಿ ನಿಂತು ಮಣ್ಣು ತೂರಿದಳು. ಅವಳು ಹಾಕುತ್ತಿದ್ದ ಶಾಪ ಯಾರ ತಲೆಗೆ ಬೀಳಬೇಕಾಗಿತ್ತೋ ಅವನು ಪಕ್ಕದಲ್ಲೇ ಎಲೆಅಡಿಕೆ ಮಡಿಸುತ್ತಾ ಕೂತಿದ್ದ. ಮದುವೆಗೆ ಅವನೊಬ್ಬನೇ ಹೋದ. ಹೋಗದಿದ್ದರೆ ಯಾಕೆ ಬರಲಿಲ್ಲ ಅಂತ ಕೇಳುತ್ತಾರಲ್ಲ! ಹಸೆಯ ಮೇಲೆ ಕೂತಿದ್ದ ಹುಡುಗಿ ತಲೆ ಎತ್ತಲಿಲ್ಲ. ಊಟಕ್ಕೆ ಕೂತ. ಬಡಿಸುವವರು ಪಾಯಸ ಅಂತ ಬಂದಾಗ ಬೇಡ ಅನ್ನಲು ಕೂಡ ಅವನಿಗೆ ಧೈರ್ಯ ಬರಲಿಲ್ಲ. ಹಾಕಿದ್ದನ್ನೆಲ್ಲ ತಿಂದ.

ಆಮೇಲಿನ ವರ್ಷಗಳು ಹಾಗೇ ಸವೆದವು. ಖಾಯಂ ಆಯಿತು, ಖಾಕಿ ಕೋಟು ಬಂತು. ಸುಬ್ಬರಾಯಪ್ಪನವರು ಮೈಸೂರಿಗೆ ವಾಪಸ್ಸು ಹೋದರು. ನಲವತ್ತೆರಡರಲ್ಲಿ ಹುಡುಗರು ಕ್ಲಾಸು ಬಿಟ್ಟು ಬೀದಿಗಿಳಿದು ಜೈಕಾರ ಹಾಕಿದಾಗ ಅವನ ಗಂಟೆಗೆ ಹದಿನೈದು ದಿನ ಕೆಲಸವಿರಲಿಲ್ಲ. ಯುದ್ಧದ ಕಾಲದಲ್ಲಿ ಸೀಮೆಎಣ್ಣೆ ಸಿಗದೆ ಕೆಮಿಸ್ಟ್ರಿ ಮೇಷ್ಟ್ರು ದೀಪ ಹಚ್ಚದೆ ಬಾಯಲ್ಲೇ ಪ್ರಯೋಗ ಮಾಡಿಸಿದರು. ಅವನು ಗೌನಿಪಲ್ಲಿಗೆ ಹೋಗೋದನ್ನು ಬಿಟ್ಟ. ತಾಯಿ ಸತ್ತಾಗ ಒಂದು ಸಲ ಹೋಗಿ ಬೆಂಕಿ ಕೊಟ್ಟು ಬಂದ, ಅಷ್ಟೇ. ಮೆಲ್ಲಗೆ ಬಾಯಿ ಮಾತು ಒಯ್ಯೋದನ್ನೂ ಬಿಟ್ಟ. "ಚೀಟಿ ಬರ್ಕೊಡಿ ಸ್ವಾಮಿ, ಮರೀತೀನಿ" ಅನ್ನುತ್ತಿದ್ದ. ವಯಸ್ಸಾಯಿತು ಪಾಪ ಅಂದರು ಜನ. ಮುತ್ಯಾಲಮ್ಮ ನಲವತ್ತನಾಲ್ಕರಲ್ಲಿ ಮಲೇರಿಯಾ ಜ್ವರಕ್ಕೆ ಹೋದಳು. ಸಾಯುವ ಹಿಂದಿನ ದಿನವೂ ಚಿಕ್ಕಗಂಗಮ್ಮನನ್ನು ಬೈದಳು. ಆಗಲಾದರೂ ಹೇಳಬೇಕಿತ್ತು. ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಹೂಂ ಹೂಂ ಅಂದ.

ನಲವತ್ತಾರನೇ ಇಸವಿ ಜೂನ್. ಸ್ಕೂಲು ತೆರೆಯಲು ಇನ್ನೂ ವಾರವಿತ್ತು. ಹಿಂದಿನ ಕೋಣೆಗಳಲ್ಲಿ ಮಂಡಿಯವರ ತೋತಾಪುರಿ ರಾಶಿ ಬಿದ್ದಿತ್ತು. ಮುನಿಯಲ್ಲಪ್ಪ ಬೆಂಚು ಒರೆಸುತ್ತಿದ್ದಾಗ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಳು. ಸಣಕಲು ಮೈ, ಮಾಸಿದ ಸೀರೆ, ಕೈಯಲ್ಲಿ ಐದು ವರ್ಷದ ಹೆಣ್ಣು ಮಗು.

"ದೊಡ್ಡಪ್ಪ, ಗುರ್ತು ಸಿಗಲಿಲ್ವಾ?"

ಗುರುತು ಸಿಕ್ಕಿತ್ತು. ಮಂಡಿಗೆ ಗಂಡನ ಜೊತೆ ಹಣ್ಣಿನ ಗಾಡಿಯಲ್ಲಿ ಬಂದಿದ್ದಳಂತೆ. ಊರಲ್ಲಾಗಿದ್ದರೆ ತೆಲುಗು ಆಡುತ್ತಿದ್ದಳು. ಸ್ಕೂಲಿನ ಹೊಸಿಲು ದಾಟಿದ್ದಕ್ಕೋ ಏನೋ ಕನ್ನಡವೇ ಬಂತು. ಮಗುವನ್ನು ಮುಂದೆ ತಳ್ಳಿ, "ತಾತ ಕಣೇ, ಕಾಲು ಮುಟ್ಟು" ಅಂದಳು. ಮಗು ಮುಟ್ಟಿತು. ಇದರ ಹಿಂದೆ ಎರಡು ಹುಟ್ಟಿ ಉಳಿಯಲಿಲ್ಲ ಅಂತ ಅವಳೇ ಹೇಳಿದಳು. ದೊಡ್ಡಮ್ಮ ಹೋದದ್ದು ಗೊತ್ತಾಯ್ತು, ಬರೋಕೆ ಬಿಡಲಿಲ್ಲ ಅಂತ ಕಣ್ಣೊರೆಸಿಕೊಂಡಳು. ಆಮೇಲೆ ಮೆಲ್ಲಗೆ, "ಆ ಕ್ಲಾಸು ಒಂದ್ಸಲ ನೋಡ್ಬೋದಾ ದೊಡ್ಡಪ್ಪ?" ಅಂದಳು.

ಅವನು ಬೀಗ ತೆಗೆದ. ಅವಳು ಕಪಾಟಿನ ಗಾಜಿಗೆ ಕೈಯಿಟ್ಟುಕೊಂಡು ಒಳಗಿನ ಸೀಸೆಗಳ ಚೀಟಿಗಳನ್ನು ಒಂದೊಂದಾಗಿ ಓದಿದಳು. ಎಲ್ಲವನ್ನೂ ಓದಿದಳು. ತುಟಿ ಅಲುಗುತ್ತಿತ್ತು, ದನಿಯಿರಲಿಲ್ಲ.

"ದೊಡ್ಡಪ್ಪ, ನಾನೊಂದು ತಪ್ಪು ಮಾಡಿದ್ದೆ. ಯಾರಿಗೂ ಹೇಳಿಲ್ಲ" ಅಂದಳು. "ಪ್ಲೇಗಿಗೆ ಸ್ಕೂಲು ಮುಚ್ಚೋಕೆ ಮುಂಚಿನ ದಿನ ಇಲ್ಲಿ ಒಂದು ಗಾಜಿನ ಬುಡ್ಡಿ ಒಡೆದುಬಿಟ್ಟೆ. ಹೆದರಿಕೆಯಾಗಿ ಚೂರೆಲ್ಲ ಹುಲ್ಲೊಳಗೆ ಮುಚ್ಚಿಟ್ಟೆ. ಅದು ಗೊತ್ತಾಗೇ ತಾನೇ ಅಯ್ಯವಾರು ನಾನು ಬೇಡ ಅಂದಿದ್ದು? ಆವತ್ತೇ ಹೇಳಿ ಕ್ಷಮಿಸಿ ಅಂದಿದ್ರೆ ಬಿಡ್ತಿದ್ರೇನೋ. ಎಂಟು ವರ್ಷದಿಂದ ಅದೇ ಅನ್ಕೋತಾ ಇದೀನಿ. ಅವರು ಎಲ್ಲಿದಾರೆ ಗೊತ್ತಾ? ಒಂದು ಕಾಗದ ಬರೆಸೋಣ ಅಂತ."

ಈಗ ಸುಮ್ಮನಿದ್ದಿದ್ದರೆ ಮುಗಿದುಹೋಗುತ್ತಿತ್ತು. ತಪ್ಪೆಲ್ಲ ಅವಳೇ ಹೊತ್ತುಕೊಂಡು ನಿಂತಿದ್ದಳು. ಆದರೆ ಮುನಿಯಲ್ಲಪ್ಪನಿಗೆ ತಡೆಯಲಾಗಲಿಲ್ಲ. ಬೆಂಚಿನ ಮೇಲೆ ಕುಸಿದು ಕೂತ.

"ಬುಡ್ಡಿಗಲ್ಲ ಕಣಮ್ಮ. ಅವರು ಬೇಡ ಅಂದೇ ಇರಲಿಲ್ಲ. ಅವಸರ ಇಲ್ಲ, ನಿಧಾನಕ್ಕೆ ಫಾರಂ ಕೊಡ್ಲಿ, ಸ್ಥಳ ಇಟ್ಟಿರ್ತೀನಿ ಅಂದಿದ್ರು. ನಾನು ತೆಲುಗಲ್ಲಿ ಅವಸರಂ ಲೇದು ಅಂದ್ಬಿಟ್ಟೆ. ಉಳಿದಿದ್ದು ಹೇಳೋದು ಮರೆತೆ. ನಿನ್ನ ಜಾಗ ಮೂರು ವರ್ಷ ಖಾಲಿ ಇತ್ತು."

ಅವಳು ಕಪಾಟಿನ ಗಾಜಿನಿಂದ ಕೈ ತೆಗೆದಳು. ಮಗು ಕಪಾಟಿನ ಚಿಲಕ ಹಿಡಿದು ಆಡುತ್ತಿತ್ತು.

"ಬಾಯಿ ತಪ್ಪೋದು ಇದ್ದಿದ್ದೇ ದೊಡ್ಡಪ್ಪ" ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ತಪ್ಪಿ ಹೇಳಿದ್ದು ನಿಂಗೆ ಯಾವಾಗ ಗೊತ್ತಾಯ್ತು?"

ಮದುವೆಯಾದ ಮೇಲೆ ಅನ್ನಬಹುದಿತ್ತು. ಹೋದ ವರ್ಷ ಅನ್ನಬಹುದಿತ್ತು. ಸಾಕ್ಷಿಗೆ ಯಾರೂ ಉಳಿದಿರಲಿಲ್ಲ. ಅವಳ ಮುಖವೂ ಹಾಗೇ ಅನ್ನು ಅಂತ ಕೇಳುತ್ತಿದ್ದ ಹಾಗಿತ್ತು.

"ಸಂಕ್ರಾಂತಿ ದಿನ" ಅಂದ ಮುನಿಯಲ್ಲಪ್ಪ.

ಅವಳು ಮನಸ್ಸಿನಲ್ಲೇ ಸಂಕ್ರಾಂತಿಯಿಂದ ಮಾಘ ಪಂಚಮಿವರೆಗೆ ಲೆಕ್ಕ ಹಾಕಿದ್ದು ಕಣ್ಣಲ್ಲೇ ಕಂಡಿತು. ಅವಳು ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿ ಮಗುವಿನ ಕೈ ಹಿಡಿದು ಹೊರಟಳು. ಮುನಿಯಲ್ಲಪ್ಪ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ದನಿ ತೆಗೆದು ಅಳತೊಡಗಿದ. ಬಾಗಿಲಲ್ಲಿ ಮಗು ತಿರುಗಿ ನೋಡಿ ಕೇಳಿತು:

"ತಾತ ಯಾಕಮ್ಮ ಅಳ್ತಾವ್ರೆ?"

"ತಾತ ಅಲ್ಲ ಕಣೇ" ಅಂದಳು ರಾಮಲಕ್ಷ್ಮಮ್ಮ. "ಅವರು ಸ್ಕೂಲು ಜವಾನ."